ಬೇಲಿಯ ತೊಂಡೆಬಳ್ಳಿ

ಬೆಂಗಳೂರಿನ ದಂಡುಪ್ರದೇಶದಿಂದ ಪೂರ್ವಕ್ಕೆ ಹೊರಟು, ಹಲಸೂರು ಇಂದಿರಾನಗರಗಳನ್ನು ದಾಟಿ, ಹಳೆಯ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರದವರೆಗೆ ಹೋಗುವವರಿಗೆ ಒಂದು ಬಳ್ಳಿ ಅಲ್ಲಲ್ಲಿ ಕಣ್ಣಿಗೆ ಬೀಳುವುದು. ಹಳೆಯ ಬಂಗಲೆಯ ಕಾಂಪೌಂಡು ಗೋಡೆ, ಖಾಲಿ ನಿವೇಶನದ ಮುಳ್ಳುತಂತಿ, ವಿದ್ಯುತ್ತಿನ ಕಂಬ, ರೈಲುದಾರಿಯ ಬೇಲಿ, ಇವುಗಳಲ್ಲಿ ಯಾವುದು ಸಿಕ್ಕಿದರೂ ಸರಿಯೆ, ಅದನ್ನು ಹಿಡಿದು ಮೇಲೇರುತ್ತದೆ. ಐದು ಮೂಲೆಗಳ ನುಣುಪಾದ ಎಲೆ, ಗಂಟೆಯಾಕಾರದ ಬಿಳಿಯ ಹೂ, ಎಳೆಯದಾಗಿದ್ದಾಗ ಬಿಳಿಯ ಗೀರುಗಳುಳ್ಳ ಹಸಿರು ಕಾಯಿ, ಮಾಗಿದಾಗ ಹವಳದಂಥ ಕೆಂಪು ಹಣ್ಣು. ಇದೇ ಕಾಡುತೊಂಡೆ.

ನಗರದ ಈ ಭಾಗದಲ್ಲಿ ಹಲವು ಭಾಷೆಗಳು ಬೆರೆತಿರುವುದರಿಂದ ಬಳ್ಳಿಗೂ ಹಲವು ಹೆಸರುಗಳು. ತಮಿಳರಿಗೆ ಇದು ಕೋವೈ, ತೆಲುಗರಿಗೆ ದೊಂಡ, ಹಿಂದಿಯವರಿಗೆ ಕುಂದ್ರು. ಶಿವಾಜಿನಗರದ ರಸಲ್ ಮಾರುಕಟ್ಟೆಯಲ್ಲಿ ಒಂದೇ ಬುಟ್ಟಿಯ ಕಾಯಿಯನ್ನು ಮೂರು ಹೆಸರುಗಳಿಂದ ಕೇಳಿ ಕೊಳ್ಳುವವರುಂಟು. ಸಂಸ್ಕೃತದ ಬಿಂಬಫಲವೂ ಇದೇ. ಕಾಳಿದಾಸನು ಮೇಘದೂತದಲ್ಲಿ ಯಕ್ಷಪತ್ನಿಯ ತುಟಿಗೆ ಹೋಲಿಸಿರುವುದು ಮಾಗಿದ ಈ ಹಣ್ಣನ್ನೇ.

ಇಂಥ ಸಾಮಾನ್ಯವಾದ ಬಳ್ಳಿಯ ಕಡೆಗೆ ನನ್ನ ಗಮನ ಹರಿದದ್ದು ಮನೆಯಲ್ಲಿ ನಡೆದ ಒಂದು ಸಂಗತಿಯಿಂದ. ನಮ್ಮ ತಾಯಿಯವರಿಗೆ ಕೆಲವು ವರ್ಷಗಳಿಂದ ಮಧುಮೇಹವಿದೆ. ಕೋವೈ ಸೊಪ್ಪು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ತಾಯಿಯವರು ಬೇಲಿಯ ಸೊಪ್ಪನ್ನು ಕಿತ್ತು, ಅರೆದು, ಅದರ ರಸವನ್ನು ದಿನವೂ ಬೆಳಿಗ್ಗೆ ಕುಡಿಯತೊಡಗಿದರು. ಅಷ್ಟೇ ಆಗಿದ್ದರೆ ಹೇಳಬೇಕಾದ ಮಾತೇನೂ ಇರುತ್ತಿರಲಿಲ್ಲ. ಆದರೆ ವೈದ್ಯರು ಕೊಟ್ಟಿದ್ದ ಗುಳಿಗೆಗಳನ್ನು ಯಾರಿಗೂ ತಿಳಿಸದೆ ನಿಲ್ಲಿಸಿಬಿಟ್ಟರು. ಮೂರು ವಾರಗಳ ಮೇಲೆ ತಲೆ ಸುತ್ತಿ ಕುಳಿತಾಗ ರಕ್ತಪರೀಕ್ಷೆ ಮಾಡಿಸಿದೆವು. ಸಕ್ಕರೆಯ ಪ್ರಮಾಣ ಹೆದರಿಕೆ ಹುಟ್ಟಿಸುವಷ್ಟು ಏರಿತ್ತು. ಗುಳಿಗೆ ಮತ್ತೆ ಆರಂಭವಾಯಿತು. ಚೇತರಿಸಿಕೊಂಡ ಮೇಲೆ ಅವರು ಕೇಳಿದ ಪ್ರಶ್ನೆ ಇದು: “ಹಾಗಾದರೆ ಆ ಅಜ್ಜಿ ಹೇಳಿದ್ದು ಸುಳ್ಳೇನಪ್ಪಾ? ಓದಿದವನು ನೀನು, ನೋಡಿ ಹೇಳು.”

ನಾನು ಭೌತಶಾಸ್ತ್ರದ ಅಧ್ಯಾಪಕ. ಸಸ್ಯಶಾಸ್ತ್ರವಾಗಲಿ ವೈದ್ಯವಾಗಲಿ ನನ್ನ ವಿಷಯವಲ್ಲ. ಆದರೂ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ, ಬೇಲಿಯ ಈ ಬಳ್ಳಿ ಎಷ್ಟು ಜಾಣತನದಿಂದ ಸಂಸಾರ ನಡೆಸುತ್ತಿದೆಯೆಂಬುದು ತಿಳಿದುಬಂದಿತು. ಮೊದಲು ಬಳ್ಳಿಯ ಸಂಸಾರವನ್ನು ನೋಡಿ, ಆಮೇಲೆ ಸೊಪ್ಪಿನ ಗುಣಕ್ಕೆ ಬರೋಣ.

ಬಳ್ಳಿಯ ಕುಲಗೋತ್ರ

ತೊಂಡೆಯು ಸೌತೆ, ಕುಂಬಳ, ಹೀರೆ, ಹಾಗಲಗಳ ಕುಟುಂಬಕ್ಕೆ ಸೇರಿದ್ದು. ಸ್ವೀಡನ್ನಿನ ಲಿನೇಯಸ್ 1767ರಲ್ಲಿ ಇದಕ್ಕೆ ಬ್ರಯೋನಿಯ ಗ್ರ್ಯಾಂಡಿಸ್ ಎಂದು ಹೆಸರಿಟ್ಟನು. ಬ್ರಯೋನಿ ಎಂಬುದು ಯೂರೋಪಿನ ಬೇಲಿಗಳಲ್ಲಿ ಹಬ್ಬುವ, ಇದೇ ಕುಟುಂಬದ ಬಳ್ಳಿ. ಮುಂದೆ ಸಸ್ಯಶಾಸ್ತ್ರಜ್ಞರು ತೊಂಡೆಯನ್ನು ಬೇರೆ ಜಾತಿಗೆ ಸೇರಿಸಿ ಕಾಕ್ಸೀನಿಯ ಗ್ರ್ಯಾಂಡಿಸ್ ಎಂದು ಕರೆದರು. ಕಾಕ್ಸೀನಿಯ ಎಂಬ ಮಾತಿನ ಮೂಲದಲ್ಲಿಯೂ ಕಡುಗೆಂಪು ಎಂಬ ಅರ್ಥವಿದೆ. ಕಾಳಿದಾಸನ ಕಣ್ಣಿಗೆ ಬಿದ್ದ ಬಣ್ಣವೇ ಇವರ ಕಣ್ಣಿಗೂ ಬಿದ್ದಿತು! ಈ ಜಾತಿಯಲ್ಲಿ ಇಪ್ಪತ್ತೈದರಷ್ಟು ಪ್ರಭೇದಗಳಿವೆ. ಅವೆಲ್ಲವೂ ಆಫ್ರಿಕಾ ಖಂಡದವು. ತೊಂಡೆಯೊಂದೇ ಅಲ್ಲಿಂದ ಹೊರಟು ಏಷ್ಯದಲ್ಲಿಯೂ ನೆಲೆಯೂರಿದೆ.

ಲತಾತಂತುವಿನ ಉಪಾಯ

ಮರವು ಸೂರ್ಯನ ಬೆಳಕನ್ನು ಮುಟ್ಟುವುದಕ್ಕಾಗಿ ದಪ್ಪನಾದ ಕಾಂಡವನ್ನು ಕಟ್ಟಬೇಕು. ಅದಕ್ಕೆ ಎಷ್ಟೋ ವರ್ಷಗಳ ಆಹಾರ ವ್ಯಯವಾಗುವುದು. ಬಳ್ಳಿಗೆ ಆ ಖರ್ಚಿಲ್ಲ. ಇನ್ನೊಬ್ಬರ ಗೋಡೆಗೆ ಒರಗಿ ಮೇಲೇರುವುದು ಅದರ ಮಾರ್ಗ. ಆದರೆ ಒರಗಿದರೆ ಸಾಲದು, ಬಿಗಿಯಾಗಿ ಹಿಡಿದುಕೊಳ್ಳಲೂ ಬೇಕು. ಅದಕ್ಕಾಗಿ ತೊಂಡೆಯ ಎಲೆಯ ಬುಡದಲ್ಲಿ ದಾರದಂಥ ಎಳೆಯೊಂದು ಹೊರಡುತ್ತದೆ. ಇದನ್ನೇ ಲತಾತಂತು ಎನ್ನುವರು.

ಲತಾತಂತುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದವರಲ್ಲಿ ಪ್ರಮುಖನು ಚಾರಲ್ಸ್ ಡಾರ್ವಿನ್. ಏರುಬಳ್ಳಿಗಳ ಚಲನೆಯನ್ನು ಕುರಿತು ಅವನು ಬರೆದ ದೀರ್ಘ ಪ್ರಬಂಧ 1865ರಲ್ಲಿ ಪ್ರಕಟವಾಯಿತು. ಎಳೆಯ ತಂತುವು ಸುಮ್ಮನೆ ನಿಂತಿರುವುದಿಲ್ಲ. ಕುರುಡನು ಕೈಯಾಡಿಸಿ ಹುಡುಕುವಂತೆ ಗಾಳಿಯಲ್ಲಿ ಮೆಲ್ಲಮೆಲ್ಲನೆ ಸುತ್ತು ಹಾಕುತ್ತಿರುತ್ತದೆ. ಯಾವುದಾದರೊಂದು ಕಡ್ಡಿ ತಗುಲಿದೊಡನೆ, ತಗುಲಿದ ಕಡೆಗೆ ಬಾಗಿ, ಅದನ್ನು ಸುತ್ತಿಕೊಳ್ಳುತ್ತದೆ. ಸೌತೆಯ ಕುಟುಂಬದ ಕೆಲವು ಬಳ್ಳಿಗಳಲ್ಲಿ ಈ ಬಾಗುವಿಕೆ ಕೆಲವೇ ನಿಮಿಷಗಳಲ್ಲಿ ಕಾಣಬರುವುದು.

ತುದಿ ಹಿಡಿದುಕೊಂಡ ಮೇಲೆ ನಡೆಯುವ ಕ್ರಿಯೆ ಇನ್ನೂ ಸ್ವಾರಸ್ಯವಾದುದು. ಬಳ್ಳಿಗೂ ಬೇಲಿಗೂ ನಡುವೆ ನೇರವಾಗಿದ್ದ ತಂತು ಸುರುಳಿಗೊಂಡು, ಸ್ಪ್ರಿಂಗಿನಂತಾಗಿ, ಬಳ್ಳಿಯನ್ನು ಬೇಲಿಯ ಸಮೀಪಕ್ಕೆ ಎಳೆದುಕೊಳ್ಳುತ್ತದೆ. ವಾಚಕರು ಇಂಥದೊಂದು ತಂತುವನ್ನು ಹತ್ತಿರದಿಂದ ನೋಡಬೇಕು. ಒಂದು ತುದಿಯಿಂದ ಸುರುಳಿಗಳನ್ನು ಎಣಿಸುತ್ತ ಹೋದರೆ, ಮಧ್ಯದಲ್ಲೆಲ್ಲೋ ಒಂದು ಚಿಕ್ಕ ನೇರವಾದ ತುಂಡು ಸಿಗುವುದು. ಅದರಿಂದಾಚೆಗೆ ಸುರುಳಿಗಳು ವಿರುದ್ಧ ದಿಕ್ಕಿಗೆ ತಿರುಗಿರುವುವು. ಬಲಕ್ಕೆ ಹತ್ತು ಸುತ್ತುಗಳಿದ್ದರೆ ಎಡಕ್ಕೂ ಸುಮಾರು ಹತ್ತೇ ಇರುತ್ತವೆ. ಈ ಎರಡು ಸಂಖ್ಯೆಗಳೂ ಸಮವಾಗಿರುವುದನ್ನು, ಇಲ್ಲವೇ ಒಂದೇ ಸುತ್ತಿನ ಅಂತರವಿರುವುದನ್ನು ಡಾರ್ವಿನ್ ಗುರುತಿಸಿದ್ದನು.

ಇದಕ್ಕೆ ಕಾರಣವೇನು? ಎರಡು ತುದಿಗಳೂ ಬಿಗಿಯಾಗಿರುವ ಹಗ್ಗವನ್ನು ಮನಸ್ಸಿಗೆ ತಂದುಕೊಳ್ಳಿರಿ. ತುದಿಗಳು ತಿರುಗುವಂತಿಲ್ಲ. ಹಗ್ಗದ ಒಂದೊಂದು ಸುರುಳಿಯೂ ಅದರಲ್ಲಿ ಒಂದೊಂದು ಸುತ್ತಿನ ಹುರಿಯನ್ನು ತುಂಬುತ್ತದೆ. ತುದಿಗಳು ಅಲುಗದಿರುವಾಗ ಒಟ್ಟು ಹುರಿ ಸೊನ್ನೆಯಾಗಿಯೇ ಉಳಿಯಬೇಕಷ್ಟೆ. ಆದುದರಿಂದ ಬಲಕ್ಕೆ ಹಾಕಿದ ಪ್ರತಿ ಸುತ್ತಿಗೂ ಎಡಕ್ಕೊಂದು ಸುತ್ತು ಹಾಕಲೇಬೇಕು. ಜಮಾ ಖರ್ಚು ಸರಿದೂಗುವಂತೆ ಬಳ್ಳಿ ಲೆಕ್ಕವಿಡುತ್ತದೆ. ಆ ಲೆಕ್ಕವನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ, ಜ್ಯಾಮಿತಿಯೇ ಕಲಿಸುತ್ತದೆ.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಹಳೆಯ ಸೈಕಲ್ ಟ್ಯೂಬಿನಿಂದ ಕಿರಿದಾದ ಎರಡು ಪಟ್ಟಿಗಳನ್ನು ಕತ್ತರಿಸಿ. ಒಂದನ್ನು ಚೆನ್ನಾಗಿ ಎಳೆದು ಹಿಡಿದು, ಎಳೆಯದಿರುವ ಇನ್ನೊಂದಕ್ಕೆ ಪಂಕ್ಚರ್ ಅಂಟಿನಿಂದ ಉದ್ದಕ್ಕೂ ಅಂಟಿಸಿ. ಅಂಟು ಒಣಗಿದ ಮೇಲೆ ಜೋಡಿಪಟ್ಟಿಯ ಎರಡು ತುದಿಗಳನ್ನೂ ತಿರುಗಗೊಡದೆ ಹಿಡಿದು ಮೆಲ್ಲನೆ ಹತ್ತಿರಕ್ಕೆ ತನ್ನಿರಿ. ಎಳೆದಿದ್ದ ಪಟ್ಟಿ ಕುಗ್ಗಲು ಹವಣಿಸುವುದರಿಂದ ಜೋಡಿಪಟ್ಟಿ ಸುರುಳಿಗೊಳ್ಳುವುದು. ಸುರುಳಿಗಳು ಎರಡು ದಿಕ್ಕುಗಳಿಗೂ ಹಂಚಿಹೋಗುವುವು. ಸಸ್ಯದಲ್ಲಿಯೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎಲ್. ಮಹಾದೇವನ್ ಮೊದಲಾದ ಸಂಶೋಧಕರು ತೊಂಡೆಯ ಬಂಧುವಾದ ಸೌತೆಯ ತಂತುವನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಂತುವಿನೊಳಗೆ ಉದ್ದಕ್ಕೂ ನಾರಿನ ಜೀವಕೋಶಗಳ ಪಟ್ಟಿಯೊಂದಿದೆ. ಅದರ ಒಂದು ಮಗ್ಗುಲು ಇನ್ನೊಂದಕ್ಕಿಂತ ಹೆಚ್ಚಾಗಿ ಕುಗ್ಗುವುದರಿಂದ ತಂತು ಸುರುಳಿಯಾಗುತ್ತದೆ. ಬಲಿತ ತಂತುವನ್ನು ಎಳೆದರೆ ಅದು ಕೂಡಲೆ ಬಿಚ್ಚಿಕೊಳ್ಳುವುದಿಲ್ಲ. ಮೊದಲಿಗೆ ಇನ್ನೂ ಕೆಲವು ಸುತ್ತುಗಳನ್ನು ಹೆಚ್ಚಾಗಿ ಹಾಕಿಕೊಂಡು ಎದುರಿಸುವುದೆಂದೂ ಅವರು ಕಂಡುಕೊಂಡರು.

ನೇರವಾದ ದಾರಕ್ಕಿಂತ ಸ್ಪ್ರಿಂಗಿನಿಂದ ಬಳ್ಳಿಗೆ ಲಾಭವೇನು? ಒಂದು ಸರಳವಾದ ಲೆಕ್ಕ ಮಾಡೋಣ. 1 ಕಿಲೋಗ್ರಾಂ ತೂಕದ ಬಳ್ಳಿಯ ಭಾಗವೊಂದು ಗಾಳಿಗೆ ಸಿಕ್ಕಿ ಸೆಕೆಂಡಿಗೆ 1 ಮೀಟರ್ ವೇಗದಿಂದ ಓಲಾಡುತ್ತಿದೆಯೆಂದು ಭಾವಿಸಿ. ಅದರ ಚಲನಶಕ್ತಿ ಅರ್ಧ ಜೂಲ್. ಹಿಡಿತವು ಗಡುಸಾಗಿದ್ದು 1 ಮಿಲಿಮೀಟರಿನೊಳಗೆ ಅದನ್ನು ತಡೆಯಬೇಕಾದರೆ ಬೀಳುವ ಸರಾಸರಿ ಸೆಳೆತ 500 ನ್ಯೂಟನ್, ಎಂದರೆ ಸುಮಾರು 50 ಕಿಲೋಗ್ರಾಂ ಭಾರದಷ್ಟು. ತಂತು ಹರಿದುಹೋಗುವುದು ಖಂಡಿತ. ಅದೇ ಸ್ಪ್ರಿಂಗು 5 ಸೆಂಟಿಮೀಟರ್ ಹಿಗ್ಗಿ ತಡೆದರೆ ಸೆಳೆತ 10 ನ್ಯೂಟನ್ ಮಾತ್ರ, ಸುಮಾರು ಒಂದು ಕಿಲೋಗ್ರಾಂ ಭಾರ. ಅದೂ ಹಲವು ತಂತುಗಳಿಗೆ ಹಂಚಿಹೋಗುತ್ತದೆ. ಬಿರುಗಾಳಿ ಬೀಸುತ್ತಿದ್ದಾಗ ಡಾರ್ವಿನ್ ಹೊರಗೆ ಹೋಗಿ ಬೇಲಿಯ ಬ್ರಯೋನಿ ಬಳ್ಳಿಯನ್ನು ನೋಡಿದನಂತೆ. ಉದ್ದವಾದ ಸರಪಣಿಯ ಲಂಗರುಗಳನ್ನು ಇಳಿಬಿಟ್ಟ ಹಡಗಿನಂತೆ ಅದು ಕ್ಷೇಮವಾಗಿ ಓಲಾಡುತ್ತಿತ್ತೆಂದು ಬರೆದಿರುವನು. ಲಿನೇಯಸನು ತೊಂಡೆಯನ್ನು ಸೇರಿಸಿದ್ದು ಇದೇ ಬ್ರಯೋನಿಯ ಜಾತಿಗೆ ಎಂಬುದನ್ನು ಇಲ್ಲಿ ನೆನೆಯಬಹುದು.

ನೆಲದೊಳಗಿನ ಉಗ್ರಾಣ

ಕಾಂಡಕ್ಕೆ ಖರ್ಚು ಮಾಡದೆ ಉಳಿಸಿದ ಆಹಾರವನ್ನು ಬಳ್ಳಿ ಎಲ್ಲಿಡುತ್ತದೆ? ನೆಲದೊಳಗೆ, ಗೆಡ್ಡೆಯಂತೆ ಉಬ್ಬಿದ ಬೇರಿನಲ್ಲಿ. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಮಳೆ ಇಲ್ಲವೆನ್ನುವಷ್ಟು ಅಲ್ಪ. ಆಗ ಬಳ್ಳಿಯ ಮೇಲುಭಾಗ ಒಣಗಿ ಹೋದರೂ ಗೆಡ್ಡೆಯಲ್ಲಿ ನೀರೂ ಪಿಷ್ಟವೂ ಉಳಿದಿರುತ್ತವೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದೊಡನೆ ಆ ಕೂಡಿಟ್ಟ ಹಣದಿಂದಲೇ ಹೊಸ ಚಿಗುರು ಹೊರಡುತ್ತದೆ. ಕತ್ತಿಯಿಂದ ಎಷ್ಟು ಸಲ ಸವರಿದರೂ ತೊಂಡೆ ಮತ್ತೆ ಬರುವುದರ ಗುಟ್ಟು ಇದೇ.

ಈ ಗುಣ ಎಲ್ಲೆಡೆಯೂ ಹಿತಕರವೆಂದು ಹೇಳುವಂತಿಲ್ಲ. ಹವಾಯಿ ದ್ವೀಪಗಳಿಗೆ ಸೇರಿದ ತೊಂಡೆ ಅಲ್ಲಿನ ಮರಗಳನ್ನೂ ಕಂಬಗಳನ್ನೂ ಹೊದಿಕೆಯಂತೆ ಮುಚ್ಚಿಬಿಟ್ಟಿತು. ಅದರ ಹತೋಟಿಗಾಗಿ ಆಫ್ರಿಕಾದಿಂದ ಪತಂಗವೊಂದನ್ನು ತಂದು 1996ರಲ್ಲಿ ಬಿಟ್ಟರು. ಆಮೇಲೆ ಸೊಂಡಿಲು ಕೀಟವನ್ನೂ ಬಿಟ್ಟರು. ತವರಿನಲ್ಲಿ ಬಳ್ಳಿಯನ್ನು ತಿಂದು ಮಿತಿಯಲ್ಲಿಡುವ ಜೀವಿಗಳಿಲ್ಲದ ಕಡೆ, ನಮ್ಮ ಬೇಲಿಯ ಸಾಧು ಬಳ್ಳಿಯೇ ಪೀಡೆಯಾಗಬಲ್ಲದು.

ಗೆಡ್ಡೆಯನ್ನು ತಿನ್ನಬಹುದೆ? ನಮ್ಮಲ್ಲಿ ತೊಂಡೆಯ ಬೇರು ನಾಟಿವೈದ್ಯದ ಸಾಮಗ್ರಿಯೇ ಹೊರತು ಊಟದ ಪದಾರ್ಥವಲ್ಲ. ಆದರೆ ಇದರ ಸೋದರಿಯಾದ ಕಾಕ್ಸೀನಿಯ ಅಬಿಸಿನಿಕ ಎಂಬ ಬಳ್ಳಿಯನ್ನು ಇಥಿಯೋಪಿಯಾದ ಪಶ್ಚಿಮ ಭಾಗದಲ್ಲಿ ಒರೊಮೊ ಜನರು ಗೆಡ್ಡೆಗಾಗಿಯೇ ಬೆಳೆಯುವರು. ಅಲ್ಲಿ ಅದರ ಹೆಸರು ಅಂಚೋಟೆ. ಗೆಡ್ಡೆಯನ್ನು ಬೇಯಿಸಿ ಉಣ್ಣುವರು. ಅದರಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದು, ಮುರಿದ ಮೂಳೆ ಕೂಡಲು ಅದು ಸಹಾಯಕವೆಂಬುದು ಆ ಜನರ ನಂಬಿಕೆ. ಒಂದೇ ವಂಶದ ಎರಡು ಬಳ್ಳಿಗಳಲ್ಲಿ ಒಂದು ನಾಡು ಕಾಯಿಯನ್ನು ಆರಿಸಿಕೊಂಡಿತು, ಇನ್ನೊಂದು ಗೆಡ್ಡೆಯನ್ನು.

ಹೆಣ್ಣು ಬಳ್ಳಿ, ಗಂಡು ಬಳ್ಳಿ

ಇಂದಿರಾನಗರದ ನನ್ನ ಮಿತ್ರರೊಬ್ಬರು ಗೋಡೆಯ ಮೇಲೆ ತಾನಾಗಿ ಹುಟ್ಟಿದ ತೊಂಡೆಗೆ ಎರಡು ವರ್ಷ ನೀರೆರೆದು ಕಾಯಿಗಾಗಿ ಕಾದರು. ಹೂವೇನೊ ಯಥೇಚ್ಛವಾಗಿ ಬಿಟ್ಟಿತು. ಕಾಯಿ ಮಾತ್ರ ಒಂದೂ ಬರಲಿಲ್ಲ. ಅದು ಗಂಡು ಬಳ್ಳಿ! ತೊಂಡೆಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆ ಬಳ್ಳಿಗಳಲ್ಲಿರುತ್ತವೆ. ಗುರುತಿಸುವುದು ಸುಲಭ: ಹೂವಿನ ದಳಗಳ ಕೆಳಗೆ ಪುಟ್ಟ ತೊಂಡೇಕಾಯಿಯಂಥ ಉಬ್ಬು ಇದ್ದರೆ ಹೆಣ್ಣು, ಬರಿಯ ತೊಟ್ಟಿದ್ದರೆ ಗಂಡು.

ಸಸ್ಯಪ್ರಪಂಚದಲ್ಲಿ ಹೀಗೆ ಲಿಂಗಭೇದವುಳ್ಳವು ಕಡಿಮೆ. ಮನುಷ್ಯನಲ್ಲಿರುವಂತೆ ಎಕ್ಸ್ ಮತ್ತು ವೈ ವರ್ಣತಂತುಗಳಿಂದ ಲಿಂಗವು ನಿರ್ಧಾರವಾಗುವ, ಆ ಎರಡು ತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಬೇರೆಬೇರೆಯಾಗಿ ಗುರುತಿಸಬಹುದಾದ ಸಸ್ಯಗಳಂತೂ ಅತಿ ವಿರಳ. ತೊಂಡೆ ಅವುಗಳಲ್ಲೊಂದು. ಇದರ ಜೀವಕೋಶದಲ್ಲಿ 24 ವರ್ಣತಂತುಗಳಿವೆ. ಮನುಷ್ಯನಲ್ಲಿ ವೈ ತಂತು ಚಿಕ್ಕದು. ತೊಂಡೆಯಲ್ಲಿ ಉಳಿದೆಲ್ಲವುಗಳಿಗಿಂತ ಅದೇ ದೊಡ್ಡದು. 1940ರ ದಶಕದಲ್ಲಿಯೇ ಭಾರತೀಯ ಸಂಶೋಧಕರು ಈ ವಿಷಯವನ್ನು ಕುರಿತು ಬರೆದಿದ್ದರು.

ಬೀಜದಿಂದ ಹುಟ್ಟಿದ ಬಳ್ಳಿ ಹೂ ಬಿಡುವವರೆಗೆ ಅದು ಯಾವುದೆಂದು ಕಣ್ಣಿಗೆ ತಿಳಿಯದು. ಆದುದರಿಂದಲೇ ತೋಟಗಾರರು ಬೀಜ ಬಿತ್ತುವುದಿಲ್ಲ. ಒಳ್ಳೆಯ ಹೆಣ್ಣು ಬಳ್ಳಿಯ ಕಾಂಡವನ್ನು ತುಂಡು ಮಾಡಿ ನೆಡುವರು. ಬೇಸಾಯದ ಬಳ್ಳಿಗಳು ಪರಾಗಸ್ಪರ್ಶವಿಲ್ಲದೆಯೂ ಕಾಯಿ ಬಿಡಬಲ್ಲವು. ಹೀಗೆ ನಾವು ಮಾರುಕಟ್ಟೆಯಿಂದ ತರುವ ತೊಂಡೇಕಾಯಿ ಹೆಣ್ಣುಗಳಿಂದ ಹೆಣ್ಣುಗಳಿಗೆ ತುಂಡುತುಂಡಾಗಿ ಸಾಗಿಬಂದ ಸಂತಾನ. ಬೇಲಿಯ ತೊಂಡೆಯಾದರೋ ಹಕ್ಕಿಗಳು ಬಿತ್ತಿದ್ದು. ಸಸ್ಯಶಾಸ್ತ್ರದ ದೃಷ್ಟಿಯಿಂದ ತೊಂಡೆಹಣ್ಣು ಬೆರ್ರಿ ವರ್ಗಕ್ಕೆ ಸೇರಿದ ರಸಫಲ. ಅದರ ಕೆಂಪು ಬಣ್ಣವೇ ಹಕ್ಕಿಗೆ ಕೊಡುವ ಕರೆ. ತಿರುಳು ಹಕ್ಕಿಗೆ ಕೂಲಿ. ಬೀಜವನ್ನು ಮುಂದಿನ ಬೇಲಿಗೆ ಸಾಗಿಸುವುದು ಅದರ ಕೆಲಸ. ತೆಲುಗಿನಲ್ಲಿ ಕಾಡುತೊಂಡೆಗೆ ಕಾಕಿದೊಂಡ, ಎಂದರೆ ಕಾಗೆಯ ತೊಂಡೆ, ಎಂಬ ಹೆಸರಿರುವುದು ಎಷ್ಟು ಉಚಿತ!

ಸೊಪ್ಪಿನ ಗುಣ: ಪರೀಕ್ಷೆ ಏನು ಹೇಳುತ್ತದೆ?

ಈಗ ತಾಯಿಯವರ ಪ್ರಶ್ನೆಗೆ ಬರೋಣ. ತೊಂಡೆಯು ಮಧುಮೇಹಕ್ಕೆ ಹಿತವೆಂಬುದು ನಮ್ಮ ದೇಶದ ವೈದ್ಯಪದ್ಧತಿಗಳಲ್ಲಿ ಹಳೆಯ ಮಾತು. ಇದನ್ನು ಬೆಂಗಳೂರಿನಲ್ಲಿಯೇ ಪರೀಕ್ಷಿಸಿ ನೋಡಿರುವರೆಂಬುದು ನನಗೆ ಆಶ್ಚರ್ಯವನ್ನುಂಟುಮಾಡಿತು. ಸೇಂಟ್ ಜಾನ್ಸ್ ವೈದ್ಯಸಂಸ್ಥೆಯ ಸಂಶೋಧಕರು ಮಾಡಿದ ಪ್ರಯೋಗ 2008ರಲ್ಲಿ ‘ಡಯಾಬಿಟಿಸ್ ಕೇರ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸದಾಗಿ ಮಧುಮೇಹ ಪತ್ತೆಯಾದ, ಪಥ್ಯ ಮತ್ತು ಜೀವನಕ್ರಮದ ಬದಲಾವಣೆಯಷ್ಟೇ ಸಾಕಾಗಿದ್ದ 60 ಜನರನ್ನು ಅವರು ಆರಿಸಿಕೊಂಡರು. ಚೀಟಿ ಎತ್ತಿದಂತೆ ಇವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1 ಗ್ರಾಂ ತೊಂಡೆಯ ಸಾರವನ್ನೂ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆಯನ್ನೂ 90 ದಿನ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿತೆಂಬುದು ಕೊಡುವವರಿಗೂ ತಿಳಿದಿರಲಿಲ್ಲ, ತೆಗೆದುಕೊಳ್ಳುವವರಿಗೂ ತಿಳಿದಿರಲಿಲ್ಲ. ಮನಸ್ಸಿನ ನಂಬಿಕೆಯಿಂದ ಫಲಿತಾಂಶ ಓರೆಯಾಗದಿರಲು ಈ ಎಚ್ಚರಿಕೆ ಅಗತ್ಯ. ಕೊನೆಯಲ್ಲಿ ನೋಡಿದಾಗ, ತೊಂಡೆಯ ಗುಂಪಿನಲ್ಲಿ ಬರಿಹೊಟ್ಟೆಯ ಸಕ್ಕರೆ ಶೇಕಡ 16ರಷ್ಟೂ, ಊಟದ ನಂತರದ ಸಕ್ಕರೆ ಶೇಕಡ 18ರಷ್ಟೂ ಇಳಿದಿತ್ತು.

ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ಆ ಪ್ರಯೋಗ ಏನನ್ನು ಹೇಳಿಲ್ಲವೆಂಬುದನ್ನೂ ಗಮನಿಸಬೇಕು. ಅಲ್ಲಿದ್ದವರು ರೋಗದ ಆರಂಭದಲ್ಲಿದ್ದವರು. ಬಹುಕಾಲದಿಂದ ಗುಳಿಗೆಯನ್ನು ಆಶ್ರಯಿಸಿದ್ದವರಲ್ಲ. ಕೊಟ್ಟದ್ದು ಅಳತೆಯಾದ ಸಾರ. ಬೇಲಿಯಿಂದ ಕಿತ್ತ ಒಂದು ಹಿಡಿ ಸೊಪ್ಪಲ್ಲ. ಗುಳಿಗೆಯ ಬದಲಿಗೆ ತೊಂಡೆಯನ್ನು ಕೊಡಬಹುದೆಂದು ಅಲ್ಲಿ ಪರೀಕ್ಷಿಸಲೇ ಇಲ್ಲ. ಶೇಕಡ 16ರ ಇಳಿತವೆಂದರೆ 150 ಇದ್ದದ್ದು 126 ಆಗುವುದು. ಗುಳಿಗೆ ಬಿಟ್ಟು 300ಕ್ಕೆ ಏರಿದ್ದನ್ನು ಅದು ಕಾಪಾಡಲಾರದು. ಒಂದು ಮಾತು ನಿಜವೆಂದು ತಿಳಿದರೆ ಸಾಲದು, ಎಷ್ಟರಮಟ್ಟಿಗೆ ನಿಜವೆಂದು ಅಳೆದು ತಿಳಿಯಬೇಕು. ಭೌತಶಾಸ್ತ್ರದ ಮೊದಲನೆಯ ಪಾಠವೂ ಇದೇ ಅಲ್ಲವೆ?

ಎರಡು ಎಚ್ಚರಿಕೆಗಳು

ಮೊದಲನೆಯದು ಕಹಿಯನ್ನು ಕುರಿತದ್ದು. ಸೌತೆಯ ಕುಟುಂಬದ ಅನೇಕ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಿಷ ಸೇರಬಹುದು. ಕಾಡುತೊಂಡೆಯಲ್ಲಿಯೂ ಕಹಿಯಾದುವುಂಟು. ಕಹಿ ಸೋರೆಯ ರಸ ಕುಡಿದವರಲ್ಲಿ ಸಾವುಗಳು ಸಂಭವಿಸಿದುದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರನ್ನು ನೇಮಿಸಿತು. ಕಹಿಯಾದ ರಸವನ್ನು ಕುಡಿಯಲೇಬಾರದೆಂಬುದು ಅವರ ಸಲಹೆ. ಹೆಚ್ಚು ಕಹಿಯಾದುದೇ ಹೆಚ್ಚು ಔಷಧವೆಂಬ ಭಾವನೆ ಇಲ್ಲಿ ಅಪಾಯಕರ. ಹಾಗಲದ ಕಹಿ ಬೇರೆ, ಇದು ಬೇರೆ. ಹಿಂದಿನ ಹೆಂಗಸರು ಸೌತೆಯ ತುದಿಯನ್ನು ಕತ್ತರಿಸಿ ರುಚಿ ನೋಡಿಯೇ ಪಾತ್ರೆಗೆ ಹಾಕುತ್ತಿದ್ದುದು ಸುಮ್ಮನಲ್ಲ.

ಎರಡನೆಯದು ಗೆಡ್ಡೆಯನ್ನು ಕುರಿತದ್ದು. ಪೊದೆಬೇಲಿಗಳಲ್ಲಿ ಅಗ್ನಿಶಿಖೆ ಎಂಬ ಇನ್ನೊಂದು ಬಳ್ಳಿಯೂ ಇರುವುದುಂಟು. ಬೆಂಕಿಯ ನಾಲಗೆಯಂಥ ಹೂಗಳು ಇದರ ಗುರುತು. ಇದು ಎಲೆಯ ತುದಿಯನ್ನೇ ತಂತುವಾಗಿಸಿಕೊಂಡು ಏರುವುದು. ನೆಲದೊಳಗೆ ಗೆಣಸನ್ನು ಹೋಲುವ ಗೆಡ್ಡೆ ಇರುವುದು. ಆ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರ ವಿಷವಿದ್ದು, ಗೆಣಸೆಂದು ಭ್ರಮಿಸಿ ತಿಂದವರು ಪ್ರಾಣ ಕಳೆದುಕೊಂಡಿರುವರು. ಹೂವಿಲ್ಲದ ಕಾಲದಲ್ಲಿ ಬೇಲಿಯ ಬುಡವನ್ನು ಅಗೆದು ಸಿಕ್ಕಿದ ಗೆಡ್ಡೆಯನ್ನು ಬೇಯಿಸುವ ಸಾಹಸ ಯಾರಿಗೂ ಬೇಡ.

ಈಗ ನಮ್ಮ ತಾಯಿಯವರು ಗುಳಿಗೆಯನ್ನು ತಪ್ಪದೆ ತೆಗೆದುಕೊಳ್ಳುವರು. ವಾರಕ್ಕೆರಡು ಬಾರಿ ಮಾರುಕಟ್ಟೆಯ ತೊಂಡೇಕಾಯಿಯ ಪಲ್ಯವನ್ನೂ ಮಾಡುವರು. ವೈದ್ಯರಿಗೆ ತಿಳಿಸಿಯೇ ಮಾಡುವರು. ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲವೆಂದು ತಿಳಿದು ಅವರಿಗೂ ಸಮಾಧಾನವಾಗಿದೆ. ಬೇಲಿಯ ಬಳ್ಳಿಯನ್ನು ಜನವರಿಯಲ್ಲಿ ಯಾರೋ ಬುಡಸಹಿತ ಸವರಿಹಾಕಿದರು. ಹೋಯಿತೆಂದೇ ತಿಳಿದಿದ್ದೆವು. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ ಗೇಣುದ್ದದ ಚಿಗುರು ಕಂಡಿತು. ಅದರ ತುದಿಯ ತಂತು ಮುಳ್ಳುತಂತಿಯನ್ನು ಆಗಲೇ ಒಂದು ಸುತ್ತು ಹಿಡಿದಿತ್ತು.